ಹದಿನಾಲ್ಕು ನೂರರ ಸದ್ದು

ಗೋಕಾಕದ ಬಸ್ ನಿಲ್ದಾಣದಿಂದ ಫಾಲ್ಸ್ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಕಬ್ಬಿಣದಂಗಡಿಗೂ ಒಂದು ಹಿಟ್ಟಿನ ಗಿರಣಿಗೂ ನಡುವೆ ಲಗಮಪ್ಪನ ಗ್ಯಾರೇಜು. ಅವನಿಗೆ ಐವತ್ತೊಂಬತ್ತು ವರ್ಷ. ಮೂವತ್ತನಾಲ್ಕು ವರ್ಷ ಅದೇ ಜಾಗದಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡಿಕೊಂಡು ಬಂದಿದ್ದ. ಒಂದು ಕಾಲಕ್ಕೆ ಮಹಾಂತೇಶ ಎಂಬವನು ಆರು ವರ್ಷ ಅವನ ಬಳಿ ಕೆಲಸ ಕಲಿತು, ಆಮೇಲೆ ಮೂಡಲಗಿಗೆ ಹೋಗಿ ಸ್ವಂತ ವರ್ಕ್‌ಶಾಪ್ ಹಾಕಿದ. ಅವನ ನಂತರ ಲಗಮಪ್ಪ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಒಬ್ಬನೇ ಮಾಡುತ್ತಿದ್ದ.

ಅವನ ಹೆಸರು ಇದ್ದದ್ದು ಮುಖ್ಯವಾಗಿ ಒಂದು ಕೆಲಸಕ್ಕೆ, ಐಡಲ್ ಕೂಡಿಸುವುದಕ್ಕೆ. ಗಾಡಿ ನಿಂತಿರುವಾಗ, ಆಕ್ಸಿಲರೇಟರ್ ಮುಟ್ಟದೆ ಇದ್ದಾಗ, ಇಂಜಿನ್ ತಾನಾಗಿ ತಿರುಗುವ ವೇಗವೇ ಐಡಲ್. ಅದು ಕಡಿಮೆಯಾದರೆ ಗಾಡಿ ನಿಂತಲ್ಲೇ ಬಂದ್ ಬೀಳುತ್ತದೆ. ಹೆಚ್ಚಾದರೆ ಪೆಟ್ರೋಲ್ ಕುಡಿಯುತ್ತದೆ, ಸವಾರ ನಿಧಾನ ಮಾಡಬೇಕೆಂದರೂ ಗಾಡಿ ಮುಂದಕ್ಕೆ ನೂಕುತ್ತಿರುತ್ತದೆ. ಅವನ ಬಳಿ ಬರುವ ಬಹುತೇಕ ಗಾಡಿಗಳಿಗೆ ನಿಮಿಷಕ್ಕೆ ಹದಿನಾಲ್ಕು ನೂರು ಸುತ್ತು ಸರಿಯಾದ ಲೆಕ್ಕ. ಕಾರ್ಬೊರೇಟರ್ ಇದ್ದ ಕಾಲದಲ್ಲಿ ಲಗಮಪ್ಪ ಒಂದು ಸ್ಕ್ರೂ ಡ್ರೈವರ್ ಹಿಡಿದು, ಮುಖ ಬೇರೆ ಕಡೆ ತಿರುಗಿಸಿ, ಸದ್ದು ಕೇಳುತ್ತ ಸ್ಕ್ರೂ ತಿರುವುತ್ತಿದ್ದ. ಕೈ ನಿಂತಾಗ ಹದಿನಾಲ್ಕು ನೂರೇ ಇರುತ್ತಿತ್ತು. ಯಾರಾದರೂ ಮೀಟರ್ ಹಚ್ಚಿ ನೋಡಿದರೆ ಐವತ್ತು ಆಚೆ ಈಚೆ, ಅಷ್ಟೇ. ಹುಕ್ಕೇರಿ, ಮೂಡಲಗಿ ಕಡೆಯ ಹಳ್ಳಿಗಳಿಂದಲೂ ಜನ ಇದೊಂದಕ್ಕಾಗಿ ಬರುತ್ತಿದ್ದರು.

ಆಮೇಲೆ ಫ್ಯೂಯಲ್ ಇಂಜೆಕ್ಷನ್ ಗಾಡಿಗಳು, ಅಂದರೆ ಎಫ್‌ಐ ಗಾಡಿಗಳು, ಬಂದವು. ಅವುಗಳಲ್ಲಿ ಕಾರ್ಬೊರೇಟರ್ ಇಲ್ಲ. ಸೀಟಿನ ಕೆಳಗಿನ ಒಂದು ಸಣ್ಣ ಕಂಪ್ಯೂಟರ್ ಎಷ್ಟು ಪೆಟ್ರೋಲ್, ಎಷ್ಟು ಗಾಳಿ ಎಂದು ತಾನೇ ಲೆಕ್ಕ ಹಾಕಿ ಐಡಲನ್ನು ಹದದಲ್ಲಿಡುತ್ತದೆ. ಗಾಳಿ ಒಳಗೆ ಹೋಗುವ ಥ್ರಾಟಲ್ ಬಾಡಿಯ ಪಕ್ಕದಲ್ಲಿ ಒಂದು ಸ್ಕ್ರೂ ಇರುತ್ತದೆ, ಆದರೆ ಕಾರ್ಖಾನೆಯವರು ಅದರ ತಲೆಯಿಂದ ಪಕ್ಕದ ಬಾಡಿಯವರೆಗೆ ಒಂದೇ ಬಿಳಿ ಗೀರು ಎಳೆದಿರುತ್ತಾರೆ. ಮುಟ್ಟಬೇಡಿ ಎಂಬುದಕ್ಕೆ ಅದು ಗುರುತು. ಲಗಮಪ್ಪ ಎರಡು ವರ್ಷ ಮುಟ್ಟಲಿಲ್ಲ. ಗಾಡಿ ನಿಂತಲ್ಲಿ ಬಂದ್ ಬೀಳುತ್ತದೆ ಎಂದು ಬಂದವರನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಕಳಿಸಿದ. ಕಳಿಸಿದವರು ಮತ್ತೆ ಅವನ ಕಡೆ ಬರಲಿಲ್ಲ. ಮೂರನೆಯ ವರ್ಷ ಒಂದು ಮಧ್ಯಾಹ್ನ ಅವನು ಆ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ ನೋಡಿದ. ಇಂಜಿನ್ ಏರಿತು, ಬಂದ್ ಬೀಳುವುದು ನಿಂತಿತು. ಸ್ಕ್ರೂ ಅಂದರೆ ಸ್ಕ್ರೂನೇ ಎಂದುಕೊಂಡ. ಅಲ್ಲಿಂದ ಮುಂದೆ ಎಫ್‌ಐ ಗಾಡಿಗಳಿಗೂ ಹಾಗೆಯೇ ಮಾಡತೊಡಗಿದ.

ವಿದ್ಯಾ ಅವನ ಗ್ಯಾರೇಜಿಗೆ ಬಂದದ್ದು ಹೋದ ವರ್ಷ ಶ್ರಾವಣ ಮುಗಿದ ಮೇಲೆ. ಆಕೆ ಪಶುಸಂಗೋಪನೆ ಇಲಾಖೆಯಲ್ಲಿ ಪಶುವೈದ್ಯಕೀಯ ಪರೀಕ್ಷಕಿ. ಮೂವತ್ತೊಂದು ವಯಸ್ಸು, ಹುಕ್ಕೇರಿಯಲ್ಲಿ ಬಾಡಿಗೆ ಮನೆ, ತವರು ಗೋಕಾಕ. ದಡ್ಡಿಯ ಸುತ್ತಲಿನ ಹಳ್ಳಿಗಳಿಗೆ ದಿನವೂ ಹೋಗಿ ದನಕರುಗಳಿಗೆ ಲಸಿಕೆ ಹಾಕುವುದು, ಬೇನೆ ನೋಡುವುದು ಅವಳ ಕೆಲಸ. ಆ ದಾರಿಗೆ ಸ್ಕೂಟಿಯ ಸಣ್ಣ ಗಾಲಿ ತಡೆಯುವುದಿಲ್ಲವೆಂದು ನೂರೈವತ್ತು ಸಿಸಿಯ ಮೋಟಾರ್ ಸೈಕಲ್ಲನ್ನೇ ಕೊಂಡಿದ್ದಳು. ಹಿಂದಿನ ಸೀಟಿಗೆ ಲಸಿಕೆಯ ತಂಪು ಪೆಟ್ಟಿಗೆ ಕಟ್ಟಿಕೊಂಡು ಓಡಾಡುತ್ತಿದ್ದಳು. ಆ ಗಾಡಿ ಒಂದು ತಿಂಗಳಿಂದ ಯಾರ ಮನೆಯ ಮುಂದೆ ನಿಲ್ಲಿಸಿದರೂ ಬಂದ್ ಬೀಳುತ್ತಿತ್ತು. ಅವಳ ತಂದೆ ಬದುಕಿದ್ದಾಗ ತಮ್ಮ ಗಾಡಿಯನ್ನು ಲಗಮಪ್ಪನಿಗೆ ಬಿಟ್ಟು ಬೇರೆಯವರಿಗೆ ತೋರಿಸುತ್ತಿರಲಿಲ್ಲ. ಹಾಗಾಗಿ ಭಾನುವಾರ ತವರಿಗೆ ಬಂದಾಗ ಗಾಡಿ ತಂದು ನಿಲ್ಲಿಸಿದಳು.

ಲಗಮಪ್ಪ ಬಿಳಿ ಗೀರಿನ ಸ್ಕ್ರೂವನ್ನು ಹುಡುಕಿ ತಿರುಗಿಸಿದ. ಮುಖ ರಸ್ತೆಯ ಕಡೆಗಿತ್ತು. ಕೈ ನಿಂತಾಗ ವಿದ್ಯಾ ಎದುರಿಗೆ ಬಂದು, ಸದ್ದು ಜಾಸ್ತಿ ಆಯಿತಲ್ಲ ಎಂದಳು. ಇಂಜಿನ್ ತಣ್ಣಗಿದೆ, ಕಾದ ಮೇಲೆ ಇಳಿಯುತ್ತದೆ ಎಂದು ಅವನು ಹೇಳಿದ. ಅವಳು ನಂಬಿದಳು. ಮೂವತ್ತನಾಲ್ಕು ವರ್ಷ ಇದನ್ನೇ ಮಾಡಿದವನಿಗೆ ತಾನೇನು ಹೇಳುವುದು ಎಂದು ಅವಳಿಗೆ ಅನಿಸಿತ್ತು.

ಬುಧವಾರ ಬೆಳಿಗ್ಗೆ ದಡ್ಡಿಯ ಹತ್ತಿರ ನದಿಯ ಕಡೆಗೆ ಇಳಿಯುವ ರಸ್ತೆಯಲ್ಲಿ ಆರೇಳು ಎಮ್ಮೆಗಳು ಅಡ್ಡ ಬಂದವು. ವಿದ್ಯಾ ಆಕ್ಸಿಲರೇಟರ್ ಬಿಟ್ಟಳು. ಬಿಟ್ಟರೆ ಗಾಡಿ ತಾನಾಗಿ ತಡೆದುಕೊಳ್ಳಬೇಕಿತ್ತು, ತಡೆದುಕೊಳ್ಳಲಿಲ್ಲ. ಹಿಂದಿನಿಂದ ಯಾರೋ ದಬ್ಬಿದ ಹಾಗೆ ಮುಂದೆ ಹೋಯಿತು. ಅವಳು ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದಳು. ಗಾಲಿ ರಸ್ತೆಯ ಜಲ್ಲಿಕಲ್ಲಿನ ಮೇಲೆ ಜಾರಿತು. ಎಮ್ಮೆಗಳಿಗೆ ಏನೂ ಆಗಲಿಲ್ಲ. ಅವಳ ಬಲಗೈ ಮಣಿಕಟ್ಟು ಮುರಿಯಿತು, ಪೆಟ್ಟಿಗೆ ಒಡೆದು ಕಾಲುಬಾಯಿ ಬೇನೆಯ ಲಸಿಕೆ ರಸ್ತೆಯ ಪಾಲಾಯಿತು. ಬಿದ್ದಲ್ಲಿಯೇ ಕುಳಿತುಕೊಂಡು ಅವಳು ನೋಡಿದ್ದು ಗಾಡಿಯ ಮೀಟರನ್ನು. ಅಡ್ಡ ಬಿದ್ದ ಗಾಡಿ ಇನ್ನೂ ಬಂದ್ ಆಗಿರಲಿಲ್ಲ, ಅಂಕಿ ಎರಡು ಸಾವಿರದ ಮೇಲೆ ನಿಂತಿತ್ತು. ಅದನ್ನು ನೋಡಿಕೊಂಡ ಮೇಲೆ ಎಡಗೈಯಿಂದ ಕೀಲಿ ತಿರುಗಿಸಿದಳು.

ಮುಂದಿನ ಭಾನುವಾರ ಆ ಗಾಡಿಯನ್ನು ಒಂದು ಟೆಂಪೊದಲ್ಲಿ ಹಾಕಿಸಿಕೊಂಡು, ಕೈಗೆ ಪ್ಲಾಸ್ಟರ್ ಹಾಕಿಕೊಂಡು ಅವಳು ಗ್ಯಾರೇಜಿಗೆ ಬಂದಳು. ಜಗಳ ಮಾಡಲು ಬಂದಿರಲಿಲ್ಲ. ಏನಾಯಿತೆಂದು ಹೇಳಿದಳು. ಆಮೇಲೆ ತನ್ನ ಎಡ ಅಂಗೈಯನ್ನು ಮೀಟರಿನ ಮೇಲೆ ಮುಚ್ಚಿ, ಗಾಡಿ ಚಾಲೂ ಮಾಡಲು ಹೇಳಿದಳು.

"ಕಾಕಾ, ಮೀಟರ್ ನೋಡಬ್ಯಾಡ್ರಿ. ಎಷ್ಟು ಐತಿ, ನೀವ ಹೇಳ್ರಿ."

ಲಗಮಪ್ಪ ಸ್ವಲ್ಪ ಹೊತ್ತು ಕೇಳಿದ. ಹದಿನಾಲ್ಕು ನೂರು, ಬಹಳ ಆದರೆ ಹದಿನಾಲ್ಕು ನೂರಾ ಐವತ್ತು ಎಂದ. ಅವಳು ಕೈ ತೆಗೆದಳು. ಎರಡು ಸಾವಿರದ ಇನ್ನೂರು ಇತ್ತು.

ಬಿದ್ದ ಏಟಿಗೆ ಮೀಟರ್ ಕೆಟ್ಟಿರಬೇಕು ಎಂದು ಅವನು ಅಂದ. ವಿದ್ಯಾ ವಾದ ಮಾಡಲಿಲ್ಲ. ಗಾಡಿ ಬಂದ್ ಮಾಡಿ, ಅವನು ಮುರಿದ ಬ್ರೇಕ್ ಲಿವರ್ ನೋಡಲು ಬಗ್ಗಿದಾಗ, ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ನಿಂತು ಅವನನ್ನು ಕರೆದಳು. ಅವನು ತಿರುಗಲಿಲ್ಲ. ಮತ್ತೆ ಕರೆದಳು. ಮೂರನೆಯ ಸಲ ಕರೆದಾಗ ಗಿರಣಿಯ ಬಾಗಿಲಲ್ಲಿ ನಿಂತಿದ್ದವನು ತಿರುಗಿ ನೋಡಿದ, ಲಗಮಪ್ಪ ನೋಡಲಿಲ್ಲ. ಅವಳು ಅವನ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತಳು.

"ಕಾಕಾ, ನಾ ಹಿಂದ ನಿಂತು ಮೂರು ಸಲ ಕರದೆ. ನಿಮಗ ಕೇಳಿಸಲಿಲ್ಲ. ಮೀಟರ್ ಕೆಟ್ಟಿಲ್ರಿ."

ಅವನು ಎದ್ದು ನಿಂತ. ಗಾಡಿ ಇಲ್ಲಿಯೇ ಇರಲಿ ಎಂದಷ್ಟೇ ಅಂದ.

ಅವಳು ಹೋದ ಮೇಲೆ ಅವನು ಹ್ಯಾಂಡಲ್ ನೆಟ್ಟಗೆ ಮಾಡಿದ, ಹೊಸ ಲಿವರ್ ಹಾಕಿದ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಮರುದಿನ ಬೆಳಿಗ್ಗೆ ಆ ಗಾಡಿಯನ್ನೇ ಓಡಿಸಿಕೊಂಡು ಮೂಡಲಗಿಗೆ ಹೊರಟ. ಸ್ಕ್ಯಾನರ್ ಹಚ್ಚಿ ಮೀಟರ್ ಪರೀಕ್ಷಿಸಲು ಹೋಗುತ್ತಿದ್ದೇನೆ ಎಂದು ಹೆಂಡತಿ ಮುದಕವ್ವನಿಗೆ ಹೇಳಿದ. ದಾರಿಯಲ್ಲಿ ಎರಡು ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ನಿಧಾನ ಮಾಡಬೇಕಾಗಿ ಬಂತು. ಎರಡೂ ಸಲ ಗಾಡಿ ಅವನ ಮಾತು ಕೇಳಲಿಲ್ಲ, ಮುಂದಕ್ಕೇ ಹೋಗಲು ನೋಡಿತು. ಹುಡುಗಿ ಬಿದ್ದದ್ದು ಹೇಗೆಂದು ಆಗ ಅವನ ತೊಡೆಗೂ ತೋಳಿಗೂ ಗೊತ್ತಾಯಿತು.

ಮಹಾಂತೇಶನಿಗೆ ಈಗ ನಲವತ್ತು. ಮೂಡಲಗಿಯ ಅವನ ವರ್ಕ್‌ಶಾಪಿನಲ್ಲಿ ಎರಡು ಲಿಫ್ಟು, ಒಂದು ಕಂಪ್ರೆಸರ್, ಗಾಡಿಯ ಕಂಪ್ಯೂಟರನ್ನು ಓದುವ ಒಂದು ಸ್ಕ್ಯಾನರ್ ಇದ್ದವು. ಗುರು ಬಂದದ್ದು ನೋಡಿ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಚಹಾ ತರಿಸಿದ. ಹನ್ನೊಂದು ವರ್ಷಗಳಲ್ಲಿ ಲಗಮಪ್ಪ ಅಲ್ಲಿಗೆ ಬಂದದ್ದು ಅದೇ ಮೊದಲು. ಮೀಟರ್ ನೋಡು ಎಂದಾಗ ಮಹಾಂತೇಶ ಸೀಟು ತೆಗೆದು ವೈರು ಜೋಡಿಸಿದ. ಪರದೆಯ ಮೇಲೂ ಎರಡು ಸಾವಿರದ ಇನ್ನೂರೇ ಬಂತು. ಆಮೇಲೆ ಅವನು ಟಾರ್ಚ್ ಹಿಡಿದು ಥ್ರಾಟಲ್ ಬಾಡಿಯ ಬದಿ ನೋಡಿದ. ಗೀರಿನ ಅರ್ಧ ಸ್ಕ್ರೂವಿನ ಮೇಲೆ, ಇನ್ನರ್ಧ ಬಾಡಿಯ ಮೇಲೆ ಇತ್ತು. ಎರಡಕ್ಕೂ ನಡುವೆ ಮುಕ್ಕಾಲು ಸುತ್ತಿನ ಅಂತರ. ತಿರುಗಿಸಿದ್ದು ಯಾರು ಎಂದು ಅವನು ಕೇಳಲಿಲ್ಲ.

ಅವನು ಎದುರಿಗೆ ನಿಂತು ನಿಧಾನವಾಗಿ ವಿವರಿಸಿದ. ಬಂದ್ ಬೀಳುತ್ತಿದ್ದದ್ದು ಸ್ಕ್ರೂವಿನಿಂದಲ್ಲ, ಗಾಳಿಯ ದಾರಿಯಲ್ಲಿ ಮಸಿ ಕಟ್ಟಿದ್ದರಿಂದ. ಸ್ಕ್ರೂ ತಿರುಗಿಸಿದಾಗ ಗಾಳಿ ಒಮ್ಮೆಲೇ ಹೆಚ್ಚಾಯಿತು. ಮುಚ್ಚಿದ ಥ್ರಾಟಲ್ ಎಂದರೆ ಇಷ್ಟು ಎಂದು ಕಂಪ್ಯೂಟರ್ ಹಿಡಿದಿಟ್ಟುಕೊಂಡಿರುವ ಲೆಕ್ಕ ತಪ್ಪಿತು. ಅದು ತನ್ನ ಕಡೆಯಿಂದ ಗಾಳಿ ಕಡಿಮೆ ಮಾಡಲು ನೋಡುತ್ತದೆ, ಆದರೆ ಒಂದು ಮಿತಿಯಾಚೆ ಅದರ ಕೈಲಿ ಆಗುವುದಿಲ್ಲ. ಇಷ್ಟು ಹೇಳಿ ಅವನು ಥ್ರಾಟಲ್ ಬಾಡಿ ಬಿಚ್ಚಿ, ಕ್ಲೀನರ್ ಹೊಡೆದು, ಮಸಿಯನ್ನು ಬಟ್ಟೆಯಿಂದ ಒರೆಸಿದ. ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಎರಡೂ ಗೀರುಗಳನ್ನು ಕೂಡಿಸಿದ. ಜೋಡಿಸಿ, ಕಂಪ್ಯೂಟರಿನ ಹಳೆಯ ಲೆಕ್ಕ ಅಳಿಸಿ, ಗಾಡಿ ಚಾಲೂ ಮಾಡಿದ. ಮೊದಲು ಹದಿನೇಳು ನೂರು, ಕಾದಂತೆ ಹದಿನೈದು ನೂರು, ಆಮೇಲೆ ಹದಿನಾಲ್ಕು ನೂರಕ್ಕೆ ಬಂದು ನಿಂತಿತು. ಯಾರೂ ಏನೂ ಮುಟ್ಟಿರಲಿಲ್ಲ.

ಲಗಮಪ್ಪ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. ಹಿಂದೆ ಕಂಪ್ರೆಸರ್ ಓಡುತ್ತಿತ್ತು.

"ಬಂದ್ ಬಿತ್ತಲ್ಲೋ. ಮತ್ತ ಚಾಲೂ ಮಾಡು," ಎಂದ.

ಮಹಾಂತೇಶ ಗಾಡಿಯನ್ನೂ ನೋಡಿದ, ಅವನನ್ನೂ ನೋಡಿದ. ಗುರುವಿನ ಬಲಗೈ ಹಿಡಿದು ತಂದು ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟ. ಅಂಗೈಯ ಕೆಳಗೆ ಇಂಜಿನ್ ಒಂದೇ ಹದದಲ್ಲಿ ಮಿಡಿಯುತ್ತಿತ್ತು. ಲಗಮಪ್ಪ ಕೈಯನ್ನು ಬಹಳ ಹೊತ್ತು ಅಲ್ಲಿಂದ ತೆಗೆಯಲಿಲ್ಲ. ಅವನಿಗೆ ನಾಚಿಕೆಯಾಗಲಿಲ್ಲ, ಅಳುವೂ ಬರಲಿಲ್ಲ. ಇಷ್ಟು ದಿನ ತಾನು ಸ್ಕ್ರೂ ತಿರುವುತ್ತ ಹುಡುಕುತ್ತಿದ್ದದ್ದು ತನಗೆ ನೆನಪಿದ್ದ ಸದ್ದನ್ನು. ಆ ಸದ್ದು ಕಿವಿಗೆ ಮುಟ್ಟುವವರೆಗೆ ಇಂಜಿನ್ನನ್ನು ಏರಿಸುತ್ತ ಹೋಗಿದ್ದೆ ಎಂಬುದು ಅಲ್ಲಿ ನಿಂತಾಗ ಸ್ಪಷ್ಟವಾಯಿತು.

ಮನೆಗೆ ಬಂದು ಅವನು, ತನಗೆ ಕಿವಿ ಕೇಳಿಸುವುದಿಲ್ಲವೇ ಎಂದು ಮುದಕವ್ವನನ್ನು ನೇರವಾಗಿ ಕೇಳಿದ. ಅವಳು ರೊಟ್ಟಿ ತಟ್ಟುತ್ತಿದ್ದವಳು ಕೈ ತೊಳೆದುಕೊಂಡು ಅವನ ಎದುರಿಗೆ ಬಂದು ಕುಳಿತಳು. ಮಾತಾಡಬೇಕಾದರೆ ಅವಳು ಹೀಗೆ ಎದುರಿಗೇ ಬರುತ್ತಾಳೆ ಎಂಬುದನ್ನು ಅವನು ಗಮನಿಸಿದ್ದು ಅಂದೇ.

"ಮೂರು ವರ್ಷದಿಂದ ಗೊತ್ತೈತಿ," ಎಂದಳು. "ಹೇಳಿದ್ರ ನೀವು ಗ್ಯಾರೇಜಿಗಿ ಹೋಗೂದು ಬಿಡ್ತಿದ್ರಿ. ಮನ್ಯಾಗ ಕುಂತು ಏನ್ ಮಾಡವ್ರು?"

"ಒಂದು ಹುಡಿಗಿ ಕೈ ಮುರೀತು," ಎಂದ ಅವನು.

ಮುದಕವ್ವ ಎದ್ದು ಒಲೆಯ ಕಡೆ ಹೋದಳು. ಅಂದು ಇಬ್ಬರೂ ಮತ್ತೆ ಅದರ ಬಗ್ಗೆ ಮಾತಾಡಲಿಲ್ಲ. ಎರಡು ದಿನ ಬಿಟ್ಟು ಅವಳೇ ಅವನನ್ನು ಕಿವಿಯ ಡಾಕ್ಟರರ ಬಳಿ ಕರೆದುಕೊಂಡು ಹೋದಳು. ಡಾಕ್ಟರು ಕಂಪಿಸುವ ಕಬ್ಬಿಣದ ಕವೆಯೊಂದನ್ನು ಮೊದಲು ಕಿವಿಯ ಮುಂದೆ ಹಿಡಿದರು, ಆಮೇಲೆ ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಮುಂದೆ ಹಿಡಿದಾಗ ಅವನಿಗೆ ಏನೂ ಕೇಳಲಿಲ್ಲ. ಎಲುಬಿಗೆ ಒತ್ತಿದಾಗ ಚೆನ್ನಾಗಿ ಕೇಳಿತು. ಕಿವಿಯೊಳಗಿನ ಒಂದು ಸಣ್ಣ ಎಲುಬು ಬಿಗಿದುಕೊಂಡಿದೆ, ಹೊರಗಿನ ಸದ್ದು ಒಳಗೆ ಹೋಗುತ್ತಿಲ್ಲ, ಒಳಗಿವಿ ಇನ್ನೂ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿದರು. ಲಗಮಪ್ಪನಿಗೆ ಇನ್ನೊಂದು ವಿಷಯ ಹೊಳೆದದ್ದು ಆಗ. ಇಂಜಿನ್ನಿನೊಳಗಿನ ಟ್ಯಾಪೆಟ್, ಬೇರಿಂಗುಗಳ ಸದ್ದನ್ನು ಅವನು ಉದ್ದ ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಯ ಹಿಂದಕ್ಕೂ ಒತ್ತಿ ಕೇಳುತ್ತಿದ್ದ. ಆ ಕೆಲಸದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಅದಕ್ಕೇ ಗಿರಾಕಿಗಳಿಗೂ ಅನುಮಾನ ಬಂದಿರಲಿಲ್ಲ, ಅವನಿಗೂ ಬಂದಿರಲಿಲ್ಲ.

ಆ ವಾರ ಅವನು ನೆನಪಿನಿಂದ ಒಂದು ಪಟ್ಟಿ ಮಾಡಿದ. ಕಾರ್ಬೊರೇಟರ್ ಗಾಡಿಗಳನ್ನು ಬಿಟ್ಟ. ಅವುಗಳ ಐಡಲನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬಿಳಿ ಗೀರು ಕದಲಿಸಿದ ಎಫ್‌ಐ ಗಾಡಿಗಳು ಇಪ್ಪತ್ತಾರು ಇದ್ದವು. ಜನರ ಹೆಸರು ಮರೆತಲ್ಲಿ ಗಾಡಿಯ ಬಣ್ಣ ಬರೆದ, ಊರು ಬರೆದ. ಹನ್ನೊಂದು ಹುಕ್ಕೇರಿ ಕಡೆಯವು, ಎಂಟು ಮೂಡಲಗಿ ಕಡೆಯವು, ಉಳಿದವು ಗೋಕಾಕದವೇ.

ವಿದ್ಯಾಳ ಗಾಡಿಯನ್ನು ಹುಕ್ಕೇರಿಗೆ ಅವನೇ ಒಯ್ದು ಕೊಟ್ಟ. ಕೈ ಸರಿಯಾಗಲು ಆರು ವಾರ ಬೇಕಿತ್ತು. ಅವಳು ರಜೆ ಹಾಕಿರಲಿಲ್ಲ. ಲಸಿಕೆಯ ಸುತ್ತು ಅರ್ಧಕ್ಕೆ ನಿಂತಿತ್ತು, ಬಸ್ಸಿಲ್ಲದ ಊರುಗಳಿಗೆ ನಡೆದು ಹೋಗುತ್ತಿದ್ದಳು. ಆರು ವಾರ ನಾನು ಗಾಡಿ ಓಡಿಸುತ್ತೇನೆ, ನೀವು ಹಿಂದೆ ಕುಳಿತುಕೊಳ್ಳಿ ಎಂದು ಲಗಮಪ್ಪ ಹೇಳಿದ. ಅವಳು ಒಪ್ಪಲಿಲ್ಲ. ಕಿವಿ ಕೇಳದವನ ಹಿಂದೆ ಕುಳಿತುಕೊಳ್ಳುವುದು ಹೇಗೆ ಎಂದೇ ಕೇಳಿದಳು. ಅದು ಸರಿಯಾದ ಪ್ರಶ್ನೆ ಎಂದು ಅವನಿಗೂ ಅನಿಸಿತು. ಕೊನೆಗೆ ಒಂದು ಒಪ್ಪಂದವಾಯಿತು. ಹಿಂದಿನಿಂದ ದೊಡ್ಡ ಗಾಡಿ ಹಾರ್ನ್ ಹೊಡೆದರೆ ಅವಳು ಎಡಗೈಯಿಂದ ಅವನ ಭುಜ ತಟ್ಟಬೇಕು, ಅವನು ಬದಿಗೆ ಸರಿಯಬೇಕು.

ಹಾಗೆ ಆರು ವಾರ ನಡೆಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಅವನು ಗೋಕಾಕದಿಂದ ಹುಕ್ಕೇರಿಗೆ ಬರುತ್ತಿದ್ದ. ಗ್ಯಾರೇಜಿನ ಬಾಗಿಲು ಮಧ್ಯಾಹ್ನ ಮೂರರವರೆಗೆ ಮುಚ್ಚಿರುತ್ತಿತ್ತು. ಹಳ್ಳಿಯಲ್ಲಿ ವಿದ್ಯಾ ಎಡಗೈಯಿಂದಲೇ ಸೂಜಿ ಹಿಡಿಯಲು ಕಲಿತಳು, ಅವನು ಎಮ್ಮೆಯ ಮೂಗುದಾರ ಹಿಡಿಯಲು ಕಲಿತ. ಅವಳ ಕೆಲಸ ಮುಗಿದ ಮೇಲೆ ಅವನು ತನ್ನ ಪಟ್ಟಿ ತೆಗೆಯುತ್ತಿದ್ದ. ಮೀಟರ್ ಇಲ್ಲದ ಗಾಡಿಗಳಿಗೆಂದು ಮಹಾಂತೇಶ ಒಂದು ಸಣ್ಣ ಕೈಮೀಟರ್ ಕೊಟ್ಟಿದ್ದ. ಪ್ಲಗ್ಗಿನ ವೈರಿಗೆ ಅದರ ಕ್ಲಿಪ್ ಸಿಕ್ಕಿಸಿದರೆ ಸುತ್ತು ತೋರಿಸುತ್ತಿತ್ತು.

ಎಲ್ಲರೂ ಸುಲಭಕ್ಕೆ ಒಪ್ಪಲಿಲ್ಲ. ದಡ್ಡಿಯಿಂದ ಮೂರು ಕಿಲೋಮೀಟರ್ ಆಚೆ ಗುರುಲಿಂಗಪ್ಪ ಎಂಬ ರೈತನ ಗಾಡಿ ಇತ್ತು. ಲಿಂಗಾಯತರ ಮನೆ, ಅಂಗಳದಲ್ಲಿ ನಾಲ್ಕು ಎಮ್ಮೆ. ಅವನು ಚಹಾ ಕೊಟ್ಟ, ಕೂರಿಸಿ ಮಾತಾಡಿಸಿದ, ಗಾಡಿ ಮಾತ್ರ ಮುಟ್ಟಗೊಡಲಿಲ್ಲ.

"ನನ್ನ ಗಾಡಿ ಚೊಲೋ ಓಡಾಕತೈತಿ. ಓಡೂ ಗಾಡಿ ಯಾಕ ಬಿಚ್ಚತೀರಿ?"

"ನಾ ತಪ್ಪು ಮಾಡೇನ್ರಿ," ಎಂದ ಲಗಮಪ್ಪ. "ನನಗ ಕಿವಿ ಕೇಳಿಸ್ತಿದ್ದಿಲ್ಲ. ಅದು ನನಗ ಗೊತ್ತಿದ್ದಿಲ್ಲ. ಇವರು ಬಿದ್ದು ಕೈ ಮುರಕೊಂಡಿದ್ದು ಅದ ಕಾರಣಕ್ಕ."

ಹೀಗೆ ನೇರವಾಗಿ ಹೇಳುವುದು ಅವನಿಗೆ ಐದನೆಯ ಸಲ. ಮೊದಲ ಸಲ ನೆಲ ನೋಡುತ್ತ ಹೇಳಿದ್ದ, ಈಗ ಮುಖ ನೋಡಿಯೇ ಹೇಳಿದ. ಗುರುಲಿಂಗಪ್ಪ ವಿದ್ಯಾಳ ಪ್ಲಾಸ್ಟರ್ ನೋಡಿದ. ಹಾಗಾದರೆ ಟ್ಯಾಪೆಟ್ ಕೂಡಿಸಿದ್ದೂ ತಪ್ಪೇ ಎಂದು ಕೇಳಿದ. ಅದು ತಪ್ಪಲ್ಲ, ಅದನ್ನು ಎಲುಬಿನಿಂದ ಕೇಳುತ್ತೇನೆ ಎಂದಾಗ ಅವನಿಗೆ ನಂಬಿಕೆ ಬರಲಿಲ್ಲ. ಅಷ್ಟರಲ್ಲಿ ಹೆಂಡತಿ ಪಾರವ್ವ ಕೊಟ್ಟಿಗೆಯಿಂದ ಹೊರಗೆ ಬಂದಳು. ಈ ಗಾಡಿ ಅಂಗಳಕ್ಕೆ ಬಂದು ನಿಂತು ಗುರುಗುಟ್ಟತೊಡಗಿದರೆ ಕರೀ ಎಮ್ಮೆ ತೊರೆ ಬಿಡುವುದಿಲ್ಲ, ಹಾಲು ಇಳಿಸುವುದಿಲ್ಲ, ಹೋದ ವರ್ಷದಿಂದ ರಸ್ತೆಯಲ್ಲೇ ಬಂದ್ ಮಾಡಿ ದಬ್ಬಿಕೊಂಡು ಬಾ ಎಂದು ಗಂಡನಿಗೆ ಹೇಳುತ್ತ ಬಂದಿದ್ದೇನೆ, ಅವನು ಎಮ್ಮೆಯದೇ ತಪ್ಪು ಎನ್ನುತ್ತಾನೆ ಎಂದು ವಿದ್ಯಾಳಿಗೆ ದೂರು ಕೊಟ್ಟಳು. ವಿದ್ಯಾ ಎಮ್ಮೆಯ ಪರವಾಗಿ ಮಾತಾಡಿದಳು. ಲಗಮಪ್ಪ ಸೀಟಿನ ಕೆಳಗೆ ಕೈ ಹಾಕಿದ. ಗಾಡಿ ಹತ್ತೊಂಬತ್ತು ನೂರರಲ್ಲಿತ್ತು. ಗಾಳಿಯ ದಾರಿ ಒರೆಸಿ ಗೀರು ಕೂಡಿಸಿದ ಮೇಲೆ ಹದಿನಾಲ್ಕು ನೂರಾ ಇಪ್ಪತ್ತಕ್ಕೆ ಬಂತು. ಪಾರವ್ವ ಇಂಜಿನ್ ಚಾಲೂ ಇರುವಾಗಲೇ ಎಮ್ಮೆಯ ಬಳಿ ಕುಳಿತು ಕೆಚ್ಚಲಿಗೆ ಕೈ ಹಚ್ಚಿ ನೋಡಿದಳು. ಎಮ್ಮೆ ಒದೆಯಲಿಲ್ಲ. ಹಾಲು ಕರೆಯುವ ಹೊತ್ತು ಆಗಿರಲಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚೇನೂ ಗೊತ್ತಾಗಲಿಲ್ಲ.

ಸುದ್ದಿ ಹರಡಿತು. ಲಗಮಪ್ಪನಿಗೆ ಕಿವಿ ಕೇಳುವುದಿಲ್ಲವಂತೆ ಎಂದು ಗೋಕಾಕದ ಸಂತೆಯಲ್ಲಿ ಜನ ಮಾತಾಡಿಕೊಂಡರು. ಸಂಜೆ ಗ್ಯಾರೇಜು ತೆರೆದರೆ ಹಿಂದಿನ ಅರ್ಧದಷ್ಟು ಗಾಡಿಗಳೂ ಬರಲಿಲ್ಲ. ಕೆಲವರು ಬಂದು, ಅವನ ಮುಖಕ್ಕೆ ಮುಖ ಇಟ್ಟು ಕೂಗಿ ಮಾತಾಡತೊಡಗಿದರು. ಅದು ಅವನಿಗೆ ಗಿರಾಕಿ ಕಳೆದುಕೊಂಡದ್ದಕ್ಕಿಂತ ಹೆಚ್ಚು ಬೇಸರ ತಂದಿತು. ಹಾಗೆ ಆಗುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಊರೂರಿಗೆ ಹೇಳುತ್ತ ಹೋದಿರಿ, ಸುಮ್ಮನೆ ಗಾಡಿ ನೋಡುತ್ತೇನೆ ಎಂದು ಸ್ಕ್ರೂ ಇಳಿಸಿ ಬರಬಹುದಿತ್ತಲ್ಲ ಎಂದು ವಿದ್ಯಾ ಒಮ್ಮೆ ಕೇಳಿದಳು. ಹೇಳದಿದ್ದರೆ ಅವರು ಮುಂದಿನ ಸಲವೂ ನನ್ನ ಹತ್ತಿರವೇ ತರುತ್ತಾರೆ ಎಂದು ಅವನು ಉತ್ತರಿಸಿದ.

ಪ್ಲಾಸ್ಟರ್ ತೆಗೆದ ಮೇಲೂ ವಿದ್ಯಾಳ ಮಣಿಕಟ್ಟು ಸ್ವಲ್ಪ ಬಿಗಿಯಾಗಿಯೇ ಉಳಿಯಿತು. ಆಕ್ಸಿಲರೇಟರ್ ಪೂರ್ತಿ ತಿರುಗಿಸಲು ಮೊಣಕೈ ಎತ್ತಬೇಕಾಗುತ್ತಿತ್ತು. ಲಗಮಪ್ಪ ಹ್ಯಾಂಡಲನ್ನು ಎರಡು ಬೆರಳು ಹಿಂದಕ್ಕೆ ತಂದು ಕೂಡಿಸಿಕೊಟ್ಟ, ಅದರಿಂದ ಅಷ್ಟಿಷ್ಟು ಅನುಕೂಲವಾಯಿತು. ಆಮೇಲೆ ಅವರ ಭೇಟಿ ಅಪರೂಪವಾಯಿತು. ಭಾನುವಾರ ಗೋಕಾಕಕ್ಕೆ ಬಂದರೆ ಅವಳು ಗ್ಯಾರೇಜಿನ ಮುಂದೆ ನಿಲ್ಲಿಸಿ ಎದುರಿಗೆ ಬಂದು ಮಾತಾಡಿಸಿ ಹೋಗುತ್ತಿದ್ದಳು.

ಡಾಕ್ಟರು ಕೊಡಿಸಿದ ಕಿವಿಯ ಯಂತ್ರವನ್ನು ಅವನು ಮನೆಯಲ್ಲಿ ಹಾಕಿಕೊಂಡ. ಗ್ಯಾರೇಜಿನಲ್ಲಿ ಹಾಕಿಕೊಂಡರೆ ಎಲ್ಲ ಸದ್ದೂ ಒಂದೇ ಆಗಿ ತಗಡಿನ ಮೇಲೆ ಕಲ್ಲು ಸುರಿದ ಹಾಗಾಗುತ್ತಿತ್ತು, ತೆಗೆದಿಟ್ಟ. ವಾರಕ್ಕೆ ಎರಡು ದಿನ ಮೂಡಲಗಿಗೆ ಹೋಗಿ ಮಹಾಂತೇಶನ ವರ್ಕ್‌ಶಾಪಿನಲ್ಲಿ ಇಂಜಿನ್ ಬಿಚ್ಚಿ ಜೋಡಿಸುವ ಕೆಲಸ ಮಾಡತೊಡಗಿದ. ಸ್ಕ್ಯಾನರ್ ಓದುವುದನ್ನೂ ಕಲಿತ. ನಿಧಾನವಾಗಿ ಕಲಿತ, ಮಹಾಂತೇಶ ಒಂದೇ ಮಾತನ್ನು ನಾಲ್ಕು ಸಲ ಹೇಳಬೇಕಾಗುತ್ತಿತ್ತು. ಹಿಂದೆ ಗುರು ಆರು ವರ್ಷ ತನಗೆ ಹೀಗೇ ಹೇಳಿಕೊಟ್ಟಿದ್ದನ್ನು ನೆನೆದು ಅವನು ತಾಳ್ಮೆಯಿಂದಲೇ ಇದ್ದ ಎನ್ನಬಹುದು. ಒಮ್ಮೊಮ್ಮೆ ತಾಳ್ಮೆ ತಪ್ಪಿದ್ದೂ ಉಂಟು.

ಪಟ್ಟಿಯಲ್ಲಿ ಇಪ್ಪತ್ತೈದು ಗಾಡಿಗಳಿಗೆ ಗೆರೆ ಹೊಡೆದದ್ದಾಯಿತು. ಕೊನೆಗೆ ಉಳಿದದ್ದು ಹುಕ್ಕೇರಿ ಹತ್ತಿರದ ಶೆಟ್ಟೆಪ್ಪನ ನೀಲಿ ಗಾಡಿ. ಹುಡುಕಿಕೊಂಡು ಹೋದಾಗ ಶೆಟ್ಟೆಪ್ಪ ಅದನ್ನು ಮಾರಿದ್ದ. ಕೊಂಡವನು ನಿಪ್ಪಾಣಿ ಕಡೆಯ ಶೀತಲ್ ಎಂಬವನು, ತಂಬಾಕಿನ ಗೋದಾಮಿನಲ್ಲಿ ಕೆಲಸಕ್ಕಿದ್ದ. ಶೆಟ್ಟೆಪ್ಪ ಅವನ ಫೋನ್ ನಂಬರ್ ಕೊಟ್ಟ.

ಲಗಮಪ್ಪನಿಗೆ ಫೋನಿನಲ್ಲಿ ಮಾತು ತಿಳಿಯುವುದಿಲ್ಲ. ಯಂತ್ರ ಹಾಕಿಕೊಂಡರೂ ಕಿರ್ ಎನ್ನುತ್ತದೆ. ಮರುದಿನ ಮಧ್ಯಾಹ್ನ ಊಟವಾದ ಮೇಲೆ ಮುದಕವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಅವನು ನಂಬರ್ ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟ. ಶೀತಲ್ ಎತ್ತಿದ. ಗಂಡ ಹೇಳಿದ್ದನ್ನು ಅವಳು ಅತ್ತ ಹೇಳಿದಳು, ಅತ್ತಲಿಂದ ಬಂದದ್ದನ್ನು ಗಂಡನ ಎದುರಿಗೆ ನಿಧಾನವಾಗಿ ಹೇಳಿದಳು. ಶೀತಲ್ ಮೊದಲು ನಂಬಲಿಲ್ಲ, ಯಾರೋ ಏನೋ ಮಾರಲು ನೋಡುತ್ತಿದ್ದಾರೆ ಎಂದುಕೊಂಡ. ಗಾಡಿ ಇಳಿಜಾರಿನಲ್ಲಿ ತಡೆಯುವುದಿಲ್ಲವಲ್ಲ ಎಂದು ಮುದಕವ್ವ ಕೇಳಿದಳು. ಹೌದು ಎಂದ. ಗೋದಾಮಿನ ಹೊರಗೆ ಗಾಡಿಯ ಬಳಿ ಹೋದ.

"ಬಿಳೀ ಗೀರು ಕಾಣಸ್ತೈತೇನ್ರಿ?" ಎಂದು ಅವಳು ಕೇಳಿದಳು. "ಎರಡು ಅದಾವಂತ. ಎರಡೂ ಕೂಡೂತನಕ ಎಡಕ್ಕ ತಿರುಗಸ್ರಿ. ಸಾವಕಾಶ."

ಸ್ಕ್ರೂ ಎಂದರೆ ಏನು, ಗೀರು ಯಾಕೆ, ಅವಳಿಗೆ ಒಂದೂ ಗೊತ್ತಿರಲಿಲ್ಲ. ಗಂಡನ ತುಟಿಯನ್ನೇ ನೋಡುತ್ತ ಹೇಳಿದಳು. ಕಂಪ್ಯೂಟರಿನ ಹಳೆಯ ಲೆಕ್ಕ ಅಳಿಯಲೆಂದು ಕೀಲಿ ಹಾಕಿ, ಚಾಲೂ ಮಾಡದೆ ಹತ್ತು ಎಣಿಸಿ, ತೆಗೆದು, ಮತ್ತೆ ಹಾಕಲು ಹೇಳಿದಳು. ಫೋನಿನೊಳಗೆ ಇಂಜಿನ್ ಚಾಲೂ ಆದ ಸದ್ದು ಬಂತು. ಲಗಮಪ್ಪ ಅವಳ ಮುಖ ನೋಡುತ್ತಿದ್ದ. ಶೀತಲ್ ಮೀಟರ್ ಓದುತ್ತ ಹೋದ, ಅವಳು ಹೇಳುತ್ತ ಹೋದಳು. ಹದಿನೆಂಟು ನೂರು. ಹದಿನಾರು ನೂರು. ಹದಿನೈದು ನೂರು.

"ಹದಿನಾಲ್ಕು ನೂರಾ ಮೂವತ್ತಂತ," ಎಂದಳು.

ಅಲ್ಲೇ ನಿಂತಿದೆಯೇ, ಇನ್ನೂ ಇಳಿಯುತ್ತಿದೆಯೇ ಎಂದು ಅವನು ಅವಳಿಂದ ಕೇಳಿಸಿದ. ನಿಂತಿದೆ ಎಂದು ಉತ್ತರ ಬಂತು. ಗಾಳಿಯ ದಾರಿಯಲ್ಲಿ ಮಸಿ ಇರುತ್ತದೆ, ಈ ವಾರದಲ್ಲೇ ನಿಪ್ಪಾಣಿಯ ಯಾವುದಾದರೂ ಒಳ್ಳೆಯ ವರ್ಕ್‌ಶಾಪಿನಲ್ಲಿ ಒರೆಸಿಕೊಳ್ಳಬೇಕು, ಇಲ್ಲದಿದ್ದರೆ ಗಾಡಿ ನಿಂತಲ್ಲಿ ಬಂದ್ ಬೀಳುತ್ತದೆ, ಆಗ ಮತ್ತೆ ಆ ಸ್ಕ್ರೂ ಮಾತ್ರ ಯಾರಿಗೂ ಮುಟ್ಟಗೊಡಬೇಡಿ ಎಂದು ಹೇಳಿಸಿದ. ಶೀತಲ್ ಎಲ್ಲಕ್ಕೂ ಆಯಿತು ಎಂದ. ಕೊನೆಗೆ, ತಾವು ಯಾವ ಕಂಪನಿಯ ಮೆಕ್ಯಾನಿಕ್ಕು ಎಂದು ಕೇಳಿದ.

"ನಾ ಮುದಕವ್ವ ಅದೇನ್ರಿ, ಗೋಕಾಕದಾಗ," ಎಂದು ಹೇಳಿ ಅವಳು ಫೋನ್ ಇಟ್ಟು ಶೇಂಗಾದ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು.